ಮನೆಯ ಮಾತಿನಿಂದ ಮೈತೂಕವನ್ನು ಹೊರಗಿಡುವುದು ಹೇಗೆ

ಮದುವೆಮನೆಯ ಬಾಗಿಲಲ್ಲಿ ಪನ್ನೀರು ಚಿಮುಕಿಸಿಕೊಂಡು ಒಳಗೆ ಕಾಲಿಡುತ್ತಿದ್ದಂತೆ, ಎರಡು ವರ್ಷದಿಂದ ಮುಖ ಕಾಣದ ದೊಡ್ಡಮ್ಮ ಓಡಿಬಂದು ಕೈಹಿಡಿದು, "ಏನೇ ಇದು, ಎಷ್ಟು ದಪ್ಪ ಆಗ್ಬಿಟ್ಟಿದ್ದೀಯ!" ಎನ್ನುತ್ತಾರೆ. ಆ ಮಾತಿನಲ್ಲಿ ದ್ವೇಷವಿರುವುದಿಲ್ಲ. ಅರ್ಧ ಗಂಟೆಯ ನಂತರ ಅದೇ ದೊಡ್ಡಮ್ಮ ಪಂಕ್ತಿಯಲ್ಲಿ ತಮ್ಮ ಪಕ್ಕದಲ್ಲೇ ಕೂರಿಸಿಕೊಂಡು, ಬಡಿಸುವವರನ್ನು ಕೂಗಿ ಕರೆದು ಎಲೆಗೆ ಇನ್ನೊಂದು ಹೋಳಿಗೆ ಹಾಕಿಸುತ್ತಾರೆ. ಆದರೆ ಆ ಮಾತನ್ನು ಕೇಳಿಸಿಕೊಂಡವಳಿಗೆ ಆ ಹೋಳಿಗೆ ಗಂಟಲಲ್ಲಿ ಇಳಿಯುವುದಿಲ್ಲ. ಬೇಡವೆಂದರೆ ದೊಡ್ಡಮ್ಮ ನೊಂದುಕೊಳ್ಳುತ್ತಾರೆ, ತಿಂದರೆ ಎದುರಿನ ಸಾಲಿನವರು ನೋಡುತ್ತಾರೆ. ನಮ್ಮಲ್ಲಿ ದೇಹದ ಬಗೆಗಿನ ಅವಮಾನ ಹೆಚ್ಚಾಗಿ ಹೀಗೆ ಪ್ರೀತಿಯ ಕೈಯಿಂದಲೇ ಬರುತ್ತದೆ, ಮತ್ತು ಆ ಕಾರಣಕ್ಕೇ ಅದನ್ನು ಎದುರಿಸುವುದು ಕಷ್ಟವಾಗುತ್ತದೆ.

ನಮ್ಮ ಅಜ್ಜಿಯರ ಕಾಲದ ಚಿಂತೆ ಬೇರೆಯಾಗಿತ್ತು. "ಯಾಕಮ್ಮ ಇಷ್ಟು ಸೊರಗಿದ್ದೀಯ, ಗಂಡನ ಮನೇಲಿ ಊಟ ಹಾಕಲ್ವಾ?" ಎಂಬುದು ಆಗಿನ ಪ್ರಶ್ನೆ, ಮೈಕೈ ತುಂಬಿಕೊಂಡಿದ್ದಾಳೆ ಎಂಬುದು ಹೊಗಳಿಕೆ. ಆ ಹಳೆಯ ಮಾತು ಹೋಗಲಿಲ್ಲ, ಹೊಸ ಮಾತು ಅದರ ಪಕ್ಕದಲ್ಲಿ ಬಂದು ಕೂತಿತು. ಹೀಗಾಗಿ ಒಂದೇ ಮನೆಯಲ್ಲಿ ಅಕ್ಕ ಡುಮ್ಮಿಯಾಗಿ, ತಮ್ಮ ನರಪೇತಲನಾಗಿ ಬೆಳೆಯುತ್ತಾರೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ 24ರಷ್ಟು ಮಂದಿ ಹೆಚ್ಚು ತೂಕದವರ ಗುಂಪಿನಲ್ಲಿದ್ದರೆ, ಶೇ 18.7ರಷ್ಟು ಮಂದಿ ತೀರಾ ಕಡಿಮೆ ತೂಕದವರ ಗುಂಪಿನಲ್ಲಿದ್ದಾರೆ. ಎರಡೂ ಗುಂಪಿನವರು ದಿನಬೆಳಗಾದರೆ ತಮ್ಮ ಮೈಯ ಬಗ್ಗೆ ಯಾರಿಂದಲೋ ಮಾತು ಕೇಳುತ್ತಲೇ ಇರುತ್ತಾರೆ.

ಇಲ್ಲಿ ಬರೆದಿರುವುದು ಆ ಮಾತನ್ನು ಮನೆಯಿಂದ ಒಂದೊಂದೇ ಹೆಜ್ಜೆಯಾಗಿ ತೆಗೆಯುವ ಕ್ರಮ. ಒಂದು ವಾರದಲ್ಲಿ ಮುಗಿಯುವ ಕೆಲಸವಲ್ಲ. ನಮ್ಮ ಮನೆಯಲ್ಲಿ ಇದಕ್ಕೆ ಒಂದು ವರ್ಷಕ್ಕಿಂತ ಹೆಚ್ಚು ಹಿಡಿಯಿತು. ದೇಹದ ತೂಕಕ್ಕೂ ಆರೋಗ್ಯಕ್ಕೂ ಸಂಬಂಧವೇ ಇಲ್ಲ ಎಂದು ನಾನು ವಾದಿಸುತ್ತಿಲ್ಲ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನ ನಮ್ಮ ದೇಶದಲ್ಲಿ ಸುಮಾರು 10.1 ಕೋಟಿ ಮಧುಮೇಹಿಗಳಿದ್ದಾರೆಂದು ಅಂದಾಜಿಸಿದೆ. ಅವರಲ್ಲಿ ನನ್ನ ತಂದೆಯೂ ಒಬ್ಬರು. ನಾನು ಹೇಳುವುದು ಇಷ್ಟೇ: ನಾಚಿಕೆಪಡಿಸುವುದು ಚಿಕಿತ್ಸೆಯಲ್ಲ, ಮತ್ತು ಅದರಿಂದ ಆಗುವ ಹಾನಿಯನ್ನು ನಾವು ಲೆಕ್ಕಕ್ಕೇ ತೆಗೆದುಕೊಂಡಿಲ್ಲ.

ಮೊದಲ ಹೆಜ್ಜೆ: ಒಂದು ವಾರ ಸುಮ್ಮನೆ ಕೇಳಿಸಿಕೊಂಡು ಬರೆದಿಡಿ

ಯಾರನ್ನೂ ತಿದ್ದಲು ಹೋಗುವ ಮೊದಲು ಒಂದು ಸಣ್ಣ ಪುಸ್ತಕವನ್ನು ಅಡುಗೆಮನೆಯಲ್ಲಿ ಇಟ್ಟುಕೊಳ್ಳಿ. ಏಳು ದಿನ, ಮನೆಯಲ್ಲಿ ಯಾರದೇ ದೇಹದ ಬಗ್ಗೆ ಬಂದ ಪ್ರತಿಯೊಂದು ಮಾತನ್ನೂ ಯಾರು, ಯಾರಿಗೆ, ಯಾವ ಹೊತ್ತಿನಲ್ಲಿ ಹೇಳಿದರು ಎಂಬುದರೊಂದಿಗೆ ಬರೆಯಿರಿ. ಗುಂಡ, ಡುಮ್ಮಿ, ಕಡ್ಡಿ ಮುಂತಾದ ಅಡ್ಡಹೆಸರುಗಳನ್ನು ಬರೆಯಿರಿ. ಟಿವಿಯಲ್ಲಿ ಬರುವ ನಟಿಯ ಸೊಂಟದ ಬಗ್ಗೆ, ಎದುರುಮನೆಯವರ ಹೊಟ್ಟೆಯ ಬಗ್ಗೆ ಬಂದ ಮಾತನ್ನೂ ಬಿಡಬೇಡಿ, ಏಕೆಂದರೆ ಮನೆಯ ಮಕ್ಕಳು ಅದನ್ನು ತಮ್ಮ ಮೈಗೆ ಅನ್ವಯಿಸಿಕೊಂಡೇ ಕೇಳುತ್ತಾರೆ. "ಇವತ್ತು ಎರಡು ಒಬ್ಬಟ್ಟು ತಿಂದುಬಿಟ್ಟೆ, ನಾಳೆ ಊಟ ಬಿಡಬೇಕು" ಎಂಬಂಥ ಮಾತುಗಳೂ ಈ ಪಟ್ಟಿಗೆ ಸೇರಬೇಕು.

ಹೊಗಳಿಕೆಯನ್ನೂ ಬರೆಯಬೇಕು, ಇದನ್ನು ಹಲವರು ಮರೆಯುತ್ತಾರೆ. "ಸಣ್ಣ ಆಗಿದ್ದೀಯ, ಎಷ್ಟು ಚೆನ್ನಾಗಿ ಕಾಣ್ತಿದ್ದೀಯ" ಎಂಬುದು ಒಳ್ಳೆಯ ಮಾತೆಂದು ನಾವು ತಿಳಿದಿದ್ದೇವೆ. ಆದರೆ ಹಾಗೆ ಇಳಿದವರು ಟೈಫಾಯ್ಡ್‌ನಿಂದ ಎದ್ದವರಿರಬಹುದು, ಇನ್ನೂ ಪತ್ತೆಯಾಗದ ಮಧುಮೇಹದಿಂದ ಸೊರಗುತ್ತಿರುವವರಿರಬಹುದು, ಮನೆಯಲ್ಲಿ ಸಾವಾಗಿ ಊಟ ಸೇರದವರಿರಬಹುದು. ಆರೋಗ್ಯವಾಗಿಯೇ ಇಳಿದಿದ್ದಾರೆಂದುಕೊಂಡರೂ, ಆ ಹೊಗಳಿಕೆಯ ಒಳಗೆ ಮೊದಲು ಚೆನ್ನಾಗಿ ಕಾಣುತ್ತಿರಲಿಲ್ಲ ಎಂಬ ಮಾತು ಅಡಗಿರುತ್ತದೆ, ಮತ್ತೆ ತೂಕ ಬಂದ ದಿನ ಅದು ಎದ್ದು ನಿಲ್ಲುತ್ತದೆ.

ನಾನು ಹೀಗೆ ಬರೆದಾಗ ಅತ್ತೆಯವರ ಮಾತುಗಳೇ ಹೆಚ್ಚಿರುತ್ತವೆಂದು ಎಣಿಸಿದ್ದೆ. ವಾರದ ಕೊನೆಗೆ ನೋಡಿದರೆ ಅರ್ಧಕ್ಕಿಂತ ಹೆಚ್ಚು ಮಾತುಗಳು ನನ್ನವೇ ಆಗಿದ್ದವು, ಅವೂ ನನ್ನ ದೇಹದ ಬಗ್ಗೆಯೇ, ಮಗಳು ಪಕ್ಕದಲ್ಲಿ ಕೂತು ಹೋಂವರ್ಕ್ ಬರೆಯುತ್ತಿದ್ದಾಗ ಹೇಳಿದವು. ಆದ್ದರಿಂದ ನಿಲ್ಲಿಸಬೇಕಾದ ಮೊದಲ ಮಾತು ಸಾಮಾನ್ಯವಾಗಿ ಕನ್ನಡಿಯ ಮುಂದೆ ಸೀರೆಯ ನೆರಿಗೆ ಹಿಡಿಯುತ್ತಾ ನಾವೇ ಆಡುವ ಮಾತು.

ಎರಡನೆಯ ಹೆಜ್ಜೆ: ಸಂಖ್ಯೆಗಳು ಏನು ಹೇಳುತ್ತವೆ, ಏನು ಹೇಳುವುದಿಲ್ಲ ಎಂಬುದನ್ನು ತಿಳಿದುಕೊಳ್ಳಿ

ಮನೆಯ ವಾದಗಳಲ್ಲಿ ಬಿಎಂಐ ಎಂಬ ಸಂಖ್ಯೆ ತೀರ್ಪಿನಂತೆ ಬಂದು ಬೀಳುವುದರಿಂದ ಅದರ ಹುಟ್ಟನ್ನು ತಿಳಿದಿರುವುದು ಒಳ್ಳೆಯದು. ಕಿಲೋ ಲೆಕ್ಕದ ತೂಕವನ್ನು ಮೀಟರ್ ಲೆಕ್ಕದ ಎತ್ತರದ ವರ್ಗದಿಂದ ಭಾಗಿಸುವ ಈ ಲೆಕ್ಕ 1830ರ ದಶಕದ ಬೆಲ್ಜಿಯಂನ ಅಡಾಲ್ಫ್ ಕ್ವೆಟ್ಲೆ ಅವರದು. ಅವರು ವೈದ್ಯರಲ್ಲ, ಖಗೋಳವಿಜ್ಞಾನಿ ಮತ್ತು ಸಂಖ್ಯಾಶಾಸ್ತ್ರಜ್ಞರು. ಅವರು ಹುಡುಕುತ್ತಿದ್ದುದು ಜನಸಮೂಹದ ಸರಾಸರಿ ಮನುಷ್ಯನನ್ನೇ ಹೊರತು ಯಾವುದೋ ಒಬ್ಬ ಮನುಷ್ಯನ ರೋಗವನ್ನಲ್ಲ. ಅದಕ್ಕೆ ಇಂದಿನ ಹೆಸರನ್ನು ಕೊಟ್ಟವರು 1972ರಲ್ಲಿ ಅಮೆರಿಕದ ಆನ್ಸೆಲ್ ಕೀಸ್ ಮತ್ತು ಸಂಗಡಿಗರು.

ಗಡಿಗಳೂ ಒಂದೇ ಕಡೆ ನಿಂತಿಲ್ಲ. 160 ಸೆಂಟಿಮೀಟರ್ ಎತ್ತರದ, 60 ಕಿಲೋ ತೂಕದ ಮಹಿಳೆಯ ಬಿಎಂಐ 23.4. ವಿಶ್ವ ಆರೋಗ್ಯ ಸಂಸ್ಥೆಯ ಸಾಮಾನ್ಯ ಗಡಿಯಾದ 25ರ ಪ್ರಕಾರ ಅವರ ತೂಕ ಸರಿಯಾಗಿದೆ. ಭಾರತೀಯರಿಗಾಗಿ 2009ರಲ್ಲಿ ತಜ್ಞರು ಒಪ್ಪಿದ 23ರ ಗಡಿಯ ಪ್ರಕಾರ ಅದೇ ಮಹಿಳೆ ಹೆಚ್ಚು ತೂಕದವರು. ಗಡಿಯನ್ನು ಇಳಿಸಿದ್ದಕ್ಕೆ ಕಾರಣವಿದೆ: ನಮ್ಮಲ್ಲಿ ಮಧುಮೇಹ ಕಡಿಮೆ ತೂಕದಲ್ಲಿಯೇ ಕಾಣಿಸಿಕೊಳ್ಳುತ್ತದೆ. ಆದರೆ ಅದೇ ಕಾರಣ ಇನ್ನೊಂದು ಸತ್ಯವನ್ನೂ ಹೇಳುತ್ತದೆ. ಪುಣೆಯ ವೈದ್ಯ ಸಿ. ಎಸ್. ಯಾಜ್ಞಿಕ್ ಮತ್ತು ಬ್ರಿಟನ್ನಿನ ವೈದ್ಯ ಜಾನ್ ಯುಡ್ಕಿನ್ 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ತಮ್ಮಿಬ್ಬರ ಫೋಟೊವನ್ನೇ ಪ್ರಕಟಿಸಿದರು. ಇಬ್ಬರ ಬಿಎಂಐ 22.3, ಒಂದು ಚುಕ್ಕಿಯೂ ಹೆಚ್ಚುಕಡಿಮೆಯಿಲ್ಲ. ಆದರೆ ಯುಡ್ಕಿನ್ ಅವರ ದೇಹದಲ್ಲಿ ಕೊಬ್ಬು ಶೇ 9.1ರಷ್ಟಿದ್ದರೆ ಯಾಜ್ಞಿಕ್ ಅವರ ದೇಹದಲ್ಲಿ ಶೇ 21.2ರಷ್ಟಿತ್ತು. ನೋಡಲು ಸಣ್ಣಗಿರುವ ಭಾರತೀಯ ಒಳಗೂ ಹಾಗೆಯೇ ಇರಬೇಕೆಂದೇನಿಲ್ಲ. ನಮ್ಮ ಮನೆಗಳಲ್ಲಿ ದಪ್ಪಗಿರುವ ಅಣ್ಣನ ತಟ್ಟೆಯನ್ನು ಹತ್ತು ಕಣ್ಣುಗಳು ಕಾಯುತ್ತಿದ್ದರೆ, ಸಣ್ಣಗಿರುವ ತಮ್ಮನ ಸಕ್ಕರೆ ಅಂಶವನ್ನು ಯಾರೂ ಪರೀಕ್ಷೆ ಮಾಡಿಸುವುದಿಲ್ಲ. ತೂಕದ ಮೇಲಿನ ಪೂರ್ವಗ್ರಹ ಸಣ್ಣಗಿರುವವರಿಗೂ ಮಾಡುವ ಕೆಡುಕು ಇದು.

ಇದರಿಂದ ಮನೆಯಲ್ಲಿ ಜಾರಿಗೆ ತರಬಹುದಾದ ನಿಯಮ ಸರಳವಾಗಿದೆ. ಮೂವತ್ತು ದಾಟಿದ ಎಲ್ಲರೂ, ದಪ್ಪಗಿರಲಿ ಸಣ್ಣಗಿರಲಿ, ವರ್ಷಕ್ಕೊಮ್ಮೆ ರಕ್ತದೊತ್ತಡ, ಸಕ್ಕರೆ, ಕೊಲೆಸ್ಟರಾಲ್ ಪರೀಕ್ಷೆ ಮಾಡಿಸಿಕೊಳ್ಳಲಿ. ಹೆಂಗಸರು ಹಿಮೋಗ್ಲೋಬಿನ್ ಕೂಡ ನೋಡಿಸಿಕೊಳ್ಳಲಿ, ಏಕೆಂದರೆ ನಾನು ಮೇಲೆ ಹೇಳಿದ ಸಮೀಕ್ಷೆಯಲ್ಲಿಯೇ ದೇಶದ ಶೇ 57ರಷ್ಟು ಮಹಿಳೆಯರಿಗೆ ರಕ್ತಹೀನತೆಯಿದೆ. ಆರೋಗ್ಯದ ಮಾತು ಆ ವರದಿಯನ್ನು ಕೈಯಲ್ಲಿ ಹಿಡಿದು, ವೈದ್ಯರ ಮುಂದೆ ಆಗಲಿ. ಊಟದ ಎಲೆಯ ಮುಂದೆ ಬೇಡ.

ಮೂರನೆಯ ಹೆಜ್ಜೆ: ಉತ್ತರಗಳನ್ನು ಮೊದಲೇ ಸಿದ್ಧಮಾಡಿಟ್ಟುಕೊಳ್ಳಿ

ಇದು ಇಡೀ ಕ್ರಮದ ಕಠಿಣ ಭಾಗ. ಹಿರಿಯರಿಗೆ ಎದುರುತ್ತರ ಕೊಡಬಾರದೆಂದು ಬೆಳೆದವರಿಗೆ ಆ ಕ್ಷಣದಲ್ಲಿ ಮಾತು ಹೊಳೆಯುವುದಿಲ್ಲ. ಒಂದೋ ನಕ್ಕು ಸುಮ್ಮನಾಗುತ್ತೇವೆ, ಇಲ್ಲವೇ ಮನೆಗೆ ಬಂದು ಗಂಡನ ಮೇಲೋ ಮಕ್ಕಳ ಮೇಲೋ ಸಿಡುಕುತ್ತೇವೆ. ಆದ್ದರಿಂದ ವಾಕ್ಯಗಳನ್ನು ಬಾಯಿಪಾಠವಾಗುವಷ್ಟು ಮೊದಲೇ ಹೇಳಿ ಅಭ್ಯಾಸ ಮಾಡಿಕೊಳ್ಳಬೇಕು. ಒಂದೇ ಉತ್ತರ ಎಲ್ಲರಿಗೂ ಹೊಂದುವುದಿಲ್ಲ.

ವರ್ಷಕ್ಕೊಮ್ಮೆ ಸಿಗುವ ಹಿರಿಯರಿಗೆ ಮಾತನ್ನು ತಿರುಗಿಸಿದರೆ ಸಾಕು. "ಹೌದಾ ದೊಡ್ಡಮ್ಮ? ಅದಿರಲಿ, ನಿಮ್ಮ ಮಂಡಿನೋವು ಈಗ ಹೇಗಿದೆ, ಮೆಟ್ಟಿಲು ಹತ್ತೋಕೆ ಆಗುತ್ತಾ?" ಎಂದು ಅವರ ಬಗ್ಗೆ ನಿಜವಾದ ಕಾಳಜಿಯಿಂದ ಕೇಳಿ. ಬಹುಪಾಲು ಹಿರಿಯರಿಗೆ ಮಾತು ಶುರುಮಾಡಲು ಬೇರೆ ದಾರಿ ತಿಳಿದಿರುವುದಿಲ್ಲ. ನೀವು ಒಂದು ದಾರಿ ತೆರೆದುಕೊಟ್ಟರೆ ಅವರು ಸಂತೋಷದಿಂದಲೇ ಅದರಲ್ಲಿ ಬರುತ್ತಾರೆ.

ಪದೇಪದೇ ಹೇಳುವ, ಆದರೆ ನಿಮ್ಮನ್ನು ಪ್ರೀತಿಸುವ ಅಮ್ಮನಿಗೋ ಚಿಕ್ಕಮ್ಮನಿಗೋ ನಾಲ್ಕು ಜನರ ಮುಂದೆ ಉತ್ತರಿಸಬೇಡಿ. ಮಧ್ಯಾಹ್ನ ಪಾತ್ರೆ ಒರೆಸಿಡುವಾಗಲೋ ಸೊಪ್ಪು ಬಿಡಿಸುವಾಗಲೋ, ಇಬ್ಬರೇ ಇದ್ದಾಗ, ನೇರವಾಗಿ ಹೇಳಿ: "ಅಮ್ಮಾ, ನನ್ನ ತೂಕದ ವಿಚಾರ ನೀನು ಎತ್ತಿದಾಗಲೆಲ್ಲ ನನಗೆ ಊಟ ಸೇರಲ್ಲ. ನನ್ನ ಆರೋಗ್ಯ ನಾನು ಡಾಕ್ಟರ ಹತ್ತಿರ ನೋಡಿಸ್ಕೊತಾ ಇದ್ದೀನಿ. ಇನ್ಮೇಲೆ ಈ ಮಾತು ಬೇಡಮ್ಮ." ವಿವರಣೆ ಇಷ್ಟೇ ಇರಲಿ. ಎಷ್ಟು ನಡೆಯುತ್ತೇನೆ, ಏನು ತಿನ್ನುತ್ತೇನೆ ಎಂದು ಪಟ್ಟಿ ಒಪ್ಪಿಸಲು ಹೋದರೆ ಅದರ ಪರಿಶೀಲನೆಗೆ ನೀವೇ ಅವಕಾಶ ಕೊಟ್ಟಂತಾಗುತ್ತದೆ.

ಗಂಡನ ಮನೆಯ ಕಡೆಯಿಂದ ಬರುವ ಮಾತಿಗೆ ಗಂಡನೇ ಉತ್ತರಿಸಬೇಕು, ಈ ವಿಷಯದಲ್ಲಿ ನನಗೆ ಸಂದೇಹವಿಲ್ಲ. ಸೊಸೆ ಹೇಳಿದರೆ ಅದು ಜಗಳವಾಗುತ್ತದೆ. ಮಗ "ಅಮ್ಮಾ, ಅವಳ ಮೈ ಬಗ್ಗೆ ಮಾತಾಡೋದು ಬೇಡ, ನನಗೂ ಇಷ್ಟ ಆಗಲ್ಲ" ಎಂದರೆ ಅದು ಒಂದು ಮಾತಾಗಿ ಉಳಿಯುತ್ತದೆ. ಬಾಣಂತನ ಮುಗಿದ ತಿಂಗಳುಗಳಲ್ಲಿ ಇದು ಇನ್ನಷ್ಟು ಅಗತ್ಯ. ಮೂರು ತಿಂಗಳು ಅಂಟಿನ ಉಂಡೆ, ತುಪ್ಪ, ಮೆಂತ್ಯದ ಪದಾರ್ಥಗಳನ್ನು ಕೂಡಿಸಿ ತಿನ್ನಿಸಿದ ಕುಟುಂಬವೇ ನಾಲ್ಕನೆಯ ತಿಂಗಳು ಹೊಟ್ಟೆ ಇನ್ನೂ ಇಳಿದಿಲ್ಲವೆಂದು ನೋಡಲಾರಂಭಿಸುತ್ತದೆ. ಹಾಲೂಡಿಸುವ, ರಾತ್ರಿಯಿಡೀ ಎಚ್ಚರವಿರುವ ತಾಯಿ ಆ ಮಾತಿಗೆ ಹೆದರಿ ಊಟ ಬಿಡುವುದನ್ನು ನಾನು ಹತ್ತಿರದಿಂದ ಕಂಡಿದ್ದೇನೆ.

ಹೆಣ್ಣು ನೋಡಲು ಬಂದವರು ಹುಡುಗಿ ಸ್ವಲ್ಪ ದಪ್ಪ ಎಂದು ಮಧ್ಯಸ್ಥರ ಮೂಲಕ ಹೇಳಿಕಳಿಸಿದಾಗ, ಆ ಮಾತನ್ನು ಹುಡುಗಿಯ ಕಿವಿಗೆ ಮುಟ್ಟಿಸಲೇಬೇಕೆಂಬ ನಿಯಮವಿಲ್ಲ. "ಹೊಂದಿಕೆ ಆಗಲಿಲ್ಲ" ಎಂದಷ್ಟೇ ಹೇಳಿ ತಂದೆತಾಯಿ ಅಲ್ಲಿಗೇ ಮುಗಿಸಬಹುದು, ಮತ್ತು ಮುಂದಿನ ಸಂಬಂಧ ಬರುವುದರೊಳಗೆ ಇಷ್ಟು ಕಿಲೋ ಇಳಿಸು ಎಂಬ ಗಡುವನ್ನು ಎಂದಿಗೂ ಹಾಕಬಾರದು. ಗಂಡುಮಕ್ಕಳ ತಲೆಗೂದಲು, ಎತ್ತರ, ಹೊಟ್ಟೆಯ ವಿಷಯದಲ್ಲಿಯೂ ಇದೇ ಮಾತು.

ಕಚೇರಿಯ ಊಟದ ಮೇಜಿನಲ್ಲಿ ಡಬ್ಬಿ ತೆರೆದೊಡನೆ "ಓ, ಅನ್ನಾನಾ? ನಾನು ಅನ್ನ ಬಿಟ್ಟು ಮೂರು ತಿಂಗಳಾಯ್ತು" ಎನ್ನುವವರಿಗೆ "ನನಗೆ ಅನ್ನ ಇಷ್ಟ" ಎಂಬುದು ಪೂರ್ಣವಾದ ಉತ್ತರ.

ನಾಲ್ಕನೆಯ ಹೆಜ್ಜೆ: ತಟ್ಟೆಯಿಂದ ಪಾಪಪುಣ್ಯವನ್ನು ತೆಗೆಯಿರಿ

ಅನ್ನ ಬಿಟ್ಟ ಮೊದಲ ವಾರದಲ್ಲಿ ಎರಡು ಕಿಲೋ ಇಳಿಯಿತೆಂದು ಸಂಭ್ರಮಿಸುವವರನ್ನು ನಾವೆಲ್ಲ ನೋಡಿದ್ದೇವೆ. ಆ ಇಳಿಕೆಯಲ್ಲಿ ಹೆಚ್ಚಿನ ಪಾಲು ನೀರಿನದು. ನಮ್ಮ ಯಕೃತ್ತು ಮತ್ತು ಸ್ನಾಯುಗಳು ಪಿಷ್ಟವನ್ನು ಗ್ಲೈಕೋಜನ್ ಎಂಬ ರೂಪದಲ್ಲಿ ಕೂಡಿಟ್ಟುಕೊಳ್ಳುತ್ತವೆ, ಒಂದು ಗ್ರಾಂ ಗ್ಲೈಕೋಜನ್ ಜೊತೆಗೆ ಸುಮಾರು ಮೂರು ಗ್ರಾಂ ನೀರು ಇರುತ್ತದೆ. ಅನ್ನ, ರೊಟ್ಟಿ, ಮುದ್ದೆ ನಿಂತಾಗ ಆ ದಾಸ್ತಾನು ಕರಗಿ ನೀರು ಹೊರಹೋಗುತ್ತದೆ, ಹಬ್ಬದ ದಿನ ಒಂದು ಊಟ ಮಾಡಿದಾಗ ಮರಳಿ ಬರುತ್ತದೆ. ಮರುದಿನ ತಕ್ಕಡಿ ನೋಡಿ ನಾನು ಶಿಸ್ತಿಲ್ಲದವಳು ಎಂದು ಅಳುವವರಿಗೆ ಯಾರಾದರೂ ಇದನ್ನು ಬಿಡಿಸಿ ಹೇಳಬೇಕು.

ಹಸಿವನ್ನು ತಡೆಯಲಾಗದಿರುವುದು ನಾಲಗೆಯ ಚಪಲವೆಂದು ನಮಗೆ ಹೇಳಿಕೊಟ್ಟಿದ್ದಾರೆ. 1944-45ರಲ್ಲಿ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ, ಯುದ್ಧದಿಂದ ಹಸಿದ ಜನರಿಗೆ ಮತ್ತೆ ಹೇಗೆ ಉಣ್ಣಿಸಬೇಕೆಂದು ತಿಳಿಯಲು, ಅದೇ ಆನ್ಸೆಲ್ ಕೀಸ್ 36 ಮಂದಿ ಆರೋಗ್ಯವಂತ ಯುವಕರ ಮೇಲೆ ಒಂದು ಪ್ರಯೋಗ ನಡೆಸಿದರು. 24 ವಾರ ಅವರಿಗೆ ದಿನಕ್ಕೆ ಸರಾಸರಿ 1,570 ಕ್ಯಾಲೊರಿಯಷ್ಟು ಊಟ. ತಾವಾಗಿಯೇ ಮುಂದೆ ಬಂದಿದ್ದ, ಗಟ್ಟಿ ಮನಸ್ಸಿನ ಆ ಯುವಕರು ಕೆಲವೇ ವಾರಗಳಲ್ಲಿ ಊಟದ ಹೊರತು ಬೇರೇನನ್ನೂ ಯೋಚಿಸಲಾಗದವರಾದರು. ಅಡುಗೆ ಪುಸ್ತಕಗಳನ್ನು ಕೂಡಿಹಾಕಿದರು, ತಟ್ಟೆ ನೆಕ್ಕಿದರು, ಸಿಡುಕಿದರು, ಖಿನ್ನರಾದರು. ಊಟ ಮತ್ತೆ ಸಿಕ್ಕಾಗ ಕೆಲವರಿಗೆ ಎಷ್ಟು ತಿಂದರೂ ತೃಪ್ತಿಯಾಗಲಿಲ್ಲ. ಇಂದು ಫೋನಿನಲ್ಲಿ ಹರಿದಾಡುವ ಹಲವು ಡಯೆಟ್ ಪಟ್ಟಿಗಳು 1,200 ಕ್ಯಾಲೊರಿಯನ್ನು ಗುರಿಯಾಗಿ ಕೊಡುತ್ತವೆ. ಡಯೆಟ್ ಮುರಿದು ರಾತ್ರಿ ಹನ್ನೊಂದಕ್ಕೆ ಡಬ್ಬಿಯ ಚಕ್ಕುಲಿ ಖಾಲಿ ಮಾಡಿದವರು ದುರ್ಬಲರಲ್ಲ, ಹಸಿದವರು. ತೂಕ ಇಳಿಸಿದ 50 ಮಂದಿಯನ್ನು ಗಮನಿಸಿದ 2011ರ ಆಸ್ಟ್ರೇಲಿಯಾದ ಅಧ್ಯಯನವೊಂದು, ಒಂದು ವರ್ಷ ಕಳೆದ ಮೇಲೂ ಅವರ ದೇಹದಲ್ಲಿ ಹಸಿವನ್ನು ಹೆಚ್ಚಿಸುವ ಹಾರ್ಮೋನುಗಳ ಏರುಪೇರು ಉಳಿದಿತ್ತೆಂದು ತೋರಿಸಿತು.

ಹಾಗಾದರೆ ಮನೆಯಲ್ಲಿ ಏನು ಮಾಡಬೇಕು? ಮೊದಲಿಗೆ, ಬಡಿಸುವ ಕ್ರಮವನ್ನು ಬದಲಾಯಿಸಿ. ಪಾತ್ರೆಗಳನ್ನು ಮಧ್ಯದಲ್ಲಿಟ್ಟು ಎಲ್ಲರೂ ತಾವೇ ಬಡಿಸಿಕೊಳ್ಳಲಿ. ಸಾಕು ಎಂದವರಿಗೆ ಒತ್ತಾಯ ಬೇಡ, ಇನ್ನೊಂದು ಬೇಕು ಎಂದವರ ಮುಖ ನೋಡುವುದೂ ಬೇಡ. ಒತ್ತಾಯ ಮಾಡಿ ಬಡಿಸುವುದು ನಮ್ಮಲ್ಲಿ ಉಪಚಾರ, ಅದನ್ನು ಬಿಡುವುದು ಹಿರಿಯರಿಗೆ ಬಹಳ ಕಷ್ಟ. ಬಂದ ನೆಂಟರಿಗೆ ಒಂದು ಸಲ ಕೇಳುವುದು ಉಪಚಾರ, ಎರಡನೆಯ ಸಲ ಕೇಳುವುದಿಲ್ಲ ಎಂಬ ಒಪ್ಪಂದಕ್ಕೆ ನಮ್ಮ ಮನೆಯಲ್ಲಿ ಬಂದೆವು.

ಮನೆಯಲ್ಲಿ ಮಧುಮೇಹವಿರುವವರಿದ್ದರೆ ಅವರೊಬ್ಬರಿಗೆ ಬೇರೆ ತಟ್ಟೆ ಇಡುವ ಬದಲು ಎಲ್ಲರ ಊಟವನ್ನೂ ಸ್ವಲ್ಪ ಬದಲಾಯಿಸಿ. ರಾಷ್ಟ್ರೀಯ ಪೋಷಣಾ ಸಂಸ್ಥೆಯ 2024ರ ಮಾರ್ಗಸೂಚಿ ತಟ್ಟೆಯ ಅರ್ಧದಷ್ಟು ತರಕಾರಿ, ಸೊಪ್ಪು, ಹಣ್ಣು ಇರಲಿ ಎನ್ನುತ್ತದೆ. ಹುರುಳಿಕಾಯಿ ಪಲ್ಯ, ಕೋಸಂಬರಿ, ಬಸ್ಸಾರು, ಮೊಳಕೆಕಾಳಿನ ಉಸಲಿ ನಮ್ಮ ಊಟಕ್ಕೆ ಹೊಸದಲ್ಲ. ಅವುಗಳ ಪಾಲು ಹೆಚ್ಚಿದರೆ ಯಾರನ್ನೂ ಬೆರಳು ಮಾಡಿ ತೋರಿಸದೆ ಕೆಲಸ ನಡೆಯುತ್ತದೆ.

ಉಪವಾಸದ ಬಗ್ಗೆ ಒಂದು ಎಚ್ಚರಿಕೆ ಹೇಳಬೇಕು. ಏಕಾದಶಿಯನ್ನೋ ಶಿವರಾತ್ರಿಯನ್ನೋ ಭಕ್ತಿಯಿಂದ ಆಚರಿಸುವವರ ವಿಷಯ ಬೇರೆ. ಆದರೆ ಹದಿಹರೆಯದ ಮಗಳು ಇದ್ದಕ್ಕಿದ್ದಂತೆ ಸೋಮವಾರ, ಗುರುವಾರ, ಶನಿವಾರ ಎಂದು ವ್ರತಗಳನ್ನು ಹೆಚ್ಚಿಸಿಕೊಂಡರೆ, ಊಟ ಬಿಡಲು ಯಾರೂ ಪ್ರಶ್ನಿಸದ ಕಾರಣವೊಂದನ್ನು ಅವಳು ಕಂಡುಕೊಂಡಿರಬಹುದು.

ಐದನೆಯ ಹೆಜ್ಜೆ: ಮಕ್ಕಳ ಮುಂದೆ ಮತ್ತು ಮಕ್ಕಳಿಗೆ

ಅಮೆರಿಕದ 2,379 ಹುಡುಗಿಯರನ್ನು ಹತ್ತನೆಯ ವಯಸ್ಸಿನಿಂದ ಗಮನಿಸಿದ ಅಧ್ಯಯನವೊಂದು 2014ರಲ್ಲಿ ಪ್ರಕಟವಾಯಿತು. ಹತ್ತನೆಯ ವಯಸ್ಸಿನಲ್ಲಿ ಅಪ್ಪ, ಅಮ್ಮ, ಗೆಳತಿಯರು, ಶಿಕ್ಷಕರಲ್ಲಿ ಯಾರಾದರೊಬ್ಬರಿಂದ "ನೀನು ದಪ್ಪ" ಎನಿಸಿಕೊಂಡವರು ಹತ್ತೊಂಬತ್ತನೆಯ ವಯಸ್ಸಿಗೆ ಬೊಜ್ಜಿನವರಾಗಿರುವ ಸಾಧ್ಯತೆ, ಹಾಗೆ ಅನ್ನಿಸಿಕೊಳ್ಳದವರಿಗಿಂತ ಹೆಚ್ಚಿತ್ತು. ಹತ್ತನೆಯ ವಯಸ್ಸಿನ ತೂಕವನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಆ ಅಂತರ ಉಳಿಯಿತು. ಒಳ್ಳೆಯದಕ್ಕೇ ಹೇಳಿದೆ ಎನ್ನುವ ತಂದೆತಾಯಿ ಈ ಒಂದು ಅಧ್ಯಯನವನ್ನಾದರೂ ನೆನಪಿಡಬೇಕು.

ಆದ್ದರಿಂದ ಅಡ್ಡಹೆಸರನ್ನು ಇಂದೇ ನಿಲ್ಲಿಸಿ. ಮುದ್ದಿಗಾಗಿ ಕರೆಯುವುದು ಎಂಬ ಸಮಾಧಾನ ಬೇಡ. ನನಗೆ ಎಂಟನೇ ತರಗತಿಯವರೆಗೆ ಮನೆಯಲ್ಲಿ ಡುಮ್ಮಿ ಎಂಬ ಹೆಸರಿತ್ತು, ಕೇಳಲು ಹಿತವಾಗಿಯೇ ಇತ್ತು. ಶಾಲೆಯ ವಾರ್ಷಿಕೋತ್ಸವದ ನೃತ್ಯಕ್ಕೆ ಮುಂದಿನ ಸಾಲಿನಿಂದ ನನ್ನನ್ನು ಹಿಂದಿನ ಸಾಲಿಗೆ ಕಳಿಸಿ, ಕೊನೆಗೆ ಪರದೆ ಎಳೆಯುವ ಕೆಲಸ ಕೊಟ್ಟ ದಿನ ಆ ಹೆಸರಿನ ಅರ್ಥ ತಿಳಿಯಿತು. ಆಮೇಲೆ ನಾನು ಯಾವ ವೇದಿಕೆಯ ಮೇಲೂ ಕುಣಿಯಲಿಲ್ಲ. ಮಕ್ಕಳ ಶಾಲೆಯಲ್ಲಿ ಹೀಗೇನಾದರೂ ನಡೆದರೆ ಶಿಕ್ಷಕರನ್ನು ಹೋಗಿ ಕಾಣಿರಿ, ಮತ್ತು ಮಗುವಿಗೆ ತೂಕ ಇಳಿಸುವ ಸಲಹೆಯನ್ನು ಮಾತ್ರ ಆ ದಿನ ಕೊಡಬೇಡಿ.

ಮಗುವೇ ಬಂದು "ನಾನು ದಪ್ಪನಾ ಅಮ್ಮಾ?" ಎಂದು ಕೇಳಿದಾಗ, "ಇಲ್ಲಪ್ಪ, ನೀನು ಸಣ್ಣಗೇ ಇದ್ದೀಯ" ಎನ್ನುವುದು ನಮ್ಮ ತಕ್ಷಣದ ಉತ್ತರ. ಆ ಉತ್ತರ ದಪ್ಪಗಿರುವುದು ತಪ್ಪೆಂಬುದನ್ನು ಒಪ್ಪಿಕೊಂಡೇ ಸಮಾಧಾನ ಹೇಳುತ್ತದೆ, ಕನ್ನಡಿ ನೋಡಿದ ಮಗುವಿಗೆ ಅದು ಸುಳ್ಳೆಂದೂ ಗೊತ್ತಿರುತ್ತದೆ. ಅದರ ಬದಲು, "ಯಾರಾದರೂ ಹಾಗಂದ್ರಾ ಕಂದಾ? ಏನಾಯ್ತು ಹೇಳು" ಎಂದು ಕೇಳಿ, ಪೂರ್ತಿ ಕೇಳಿಸಿಕೊಳ್ಳಿ. ನಂತರ, "ಒಬ್ಬೊಬ್ಬರ ಮೈ ಒಂದೊಂದು ಥರ ಇರುತ್ತೆ. ಅಪ್ಪನ ಎತ್ತರ ನಿನಗೆ ಬಂದ ಹಾಗೆ ಅಜ್ಜಿಯ ಮೈಕಟ್ಟೂ ಬಂದಿದೆ. ಹೀಯಾಳಿಸಿದ್ದು ಅವರ ತಪ್ಪು" ಎಂದು ನಿಜವನ್ನೇ ಹೇಳಿ.

ಆರನೆಯ ಹೆಜ್ಜೆ: ಬೀರು

ಮತ್ತೆ ಸಣ್ಣಗಾದಾಗ ಹಾಕಿಕೊಳ್ಳಲೆಂದು ಎತ್ತಿಟ್ಟಿರುವ ಚೂಡಿದಾರ, ಪ್ಯಾಂಟುಗಳನ್ನು ಬೇಕಾದವರಿಗೆ ಕೊಟ್ಟುಬಿಡಿ, ಈಗಿನ ಅಳತೆಗೆ ನಾಲ್ಕು ಜೊತೆ ಬಟ್ಟೆ ಹೊಲಿಸಿಕೊಳ್ಳಿ. ರವಿಕೆ ಹೊಲಿಯಲು ಕೊಟ್ಟಾಗ ನಮ್ಮ ದರ್ಜಿಗಳು ಕೇಳದೆಯೇ ಒಳಗೆ ಎರಡು ಬೆರಳಷ್ಟು ಬಟ್ಟೆ ಬಿಟ್ಟು ಹೊಲಿಯುತ್ತಾರೆ, ಮುಂದೆ ಹೊಲಿಗೆ ಬಿಚ್ಚಿಕೊಳ್ಳಲೆಂದು. ದೇಹ ಬದಲಾಗುತ್ತದೆ ಎಂಬುದನ್ನು ಅವರು ದೋಷವೆಂದು ಎಣಿಸಿಲ್ಲ.

ಏಳನೆಯ ಹೆಜ್ಜೆ: ವೈದ್ಯರ ಬಳಿ ಹೋಗುವಾಗ

ದಪ್ಪಗಿರುವವರು ಆಸ್ಪತ್ರೆಗೆ ಹೋಗುವುದನ್ನು ಮುಂದೂಡುತ್ತಾರೆ, ಏಕೆಂದರೆ ಕಿವಿನೋವಿಗೆ ಹೋದರೂ ತೂಕದ ಮಾತು ಕೇಳಿ ಬರಬೇಕಾಗುತ್ತದೆ. ಹೀಗೆ ಮುಂದೂಡಿದ ತಿಂಗಳುಗಳಲ್ಲಿ ಥೈರಾಯ್ಡ್, ಪಿಸಿಓಎಸ್ ಎಂಬ ಹಾರ್ಮೋನು ಏರುಪೇರಿನ ತೊಂದರೆ, ಗರ್ಭಕೋಶದ ಗಡ್ಡೆ, ಸಂಧಿವಾತಗಳು ಪತ್ತೆಯಾಗದೆ ಉಳಿಯುತ್ತವೆ. 2020ರಲ್ಲಿ ಹಲವು ದೇಶಗಳ ವೈದ್ಯಕೀಯ ತಜ್ಞರು ಒಟ್ಟಾಗಿ, ತೂಕದ ಬಗೆಗಿನ ಕಳಂಕ ರೋಗಿಗಳಿಗೆ ಹಾನಿಮಾಡುತ್ತದೆ, ಅದನ್ನು ಕೊನೆಗಾಣಿಸಬೇಕು ಎಂಬ ಹೇಳಿಕೆಯನ್ನು ಪ್ರಕಟಿಸಿದರು. 2025ರ ಜನವರಿಯಲ್ಲಿ ಲ್ಯಾನ್ಸೆಟ್ ಆಯೋಗವೊಂದು ಬಿಎಂಐ ಒಂದರಿಂದಲೇ ಬೊಜ್ಜನ್ನು ರೋಗವೆಂದು ನಿರ್ಣಯಿಸಬಾರದು, ಅಂಗಾಂಗಗಳ ಕೆಲಸಕ್ಕೆ ತೊಂದರೆಯಾಗಿದೆಯೇ ಎಂದು ನೋಡಬೇಕು ಎಂದಿತು. ವೈದ್ಯವಿಜ್ಞಾನವೇ ಬದಲಾಗುತ್ತಿರುವಾಗ ರೋಗಿ ತಲೆ ತಗ್ಗಿಸಿ ಕೂರಬೇಕಾಗಿಲ್ಲ.

ಹೋಗುವ ಮೊದಲು ತೊಂದರೆ ಯಾವಾಗ ಶುರುವಾಯಿತು, ಯಾವಾಗ ಹೆಚ್ಚುತ್ತದೆ, ಮೊದಲು ಯಾವ ಔಷಧ ತೆಗೆದುಕೊಂಡಿದ್ದೀರಿ ಎಂಬುದನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಮಾತನಾಡುವುದು ಕಷ್ಟವೆನಿಸಿದರೆ ಜೊತೆಗೊಬ್ಬರನ್ನು ಕರೆದುಕೊಂಡು ಹೋಗಿ. ಪರೀಕ್ಷೆ ಮಾಡದೆಯೇ ತೂಕ ಇಳಿಸಿ ಬನ್ನಿ ಎಂದರೆ, ಮರ್ಯಾದೆಯಿಂದಲೇ, "ಡಾಕ್ಟ್ರೇ, ಇದೇ ನೋವು ಇಟ್ಕೊಂಡು ಸಣ್ಣಗಿರೋರು ಬಂದಿದ್ರೆ ಏನೇನು ಪರೀಕ್ಷೆ ಮಾಡಿಸ್ತಿದ್ರಿ? ಅದನ್ನ ನನಗೂ ಮಾಡಿಸಿ" ಎಂದು ಕೇಳಿ. ಈ ಒಂದು ಪ್ರಶ್ನೆಯಿಂದ ನನ್ನ ಅಕ್ಕನ ಮಂಡಿನೋವು ಎರಡು ವರ್ಷದ ನಂತರ ಸಂಧಿವಾತವೆಂದು ತಿಳಿದು, ಸರಿಯಾದ ಔಷಧ ಶುರುವಾಯಿತು. ನಿಜವಾಗಿ ತೂಕವೇ ಕಾರಣವೆಂದು ವೈದ್ಯರು ಹೇಳಿದರೆ, ಏನು ಮಾಡಬೇಕು, ಎಷ್ಟು ಸಮಯದಲ್ಲಿ, ಅಲ್ಲಿಯವರೆಗೆ ನೋವಿಗೆ ಏನು ಚಿಕಿತ್ಸೆ ಎಂದು ಕೇಳಿ ತಿಳಿದುಕೊಳ್ಳುವ ಹಕ್ಕು ನಿಮಗಿದೆ.

ರಕ್ತದೊತ್ತಡ ನೋಡುವಾಗ ತೋಳಿಗೆ ಸುತ್ತುವ ಪಟ್ಟಿಯನ್ನು ಗಮನಿಸಿ. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಸುತ್ತಿದರೆ ಒತ್ತಡ ನಿಜವಾಗಿ ಇರುವುದಕ್ಕಿಂತ ಹೆಚ್ಚಾಗಿ ತೋರುತ್ತದೆ. 2023ರ ಅಧ್ಯಯನವೊಂದರಲ್ಲಿ ಅತಿದೊಡ್ಡ ಪಟ್ಟಿ ಬೇಕಾದವರಿಗೆ ಸಾಮಾನ್ಯ ಪಟ್ಟಿ ಬಳಸಿದಾಗ ಮೇಲಿನ ಸಂಖ್ಯೆ ಸರಾಸರಿ 19.5ರಷ್ಟು ಹೆಚ್ಚು ತೋರಿತು. "ದೊಡ್ಡ ಪಟ್ಟಿ ಇದ್ರೆ ಅದರಲ್ಲಿ ನೋಡಿ ಸಿಸ್ಟರ್" ಎಂದು ಕೇಳಲು ಸಂಕೋಚ ಬೇಡ. ಇಲ್ಲದ ರೋಗಕ್ಕೆ ಜೀವನಪೂರ್ತಿ ಮಾತ್ರೆ ನುಂಗುವುದನ್ನು ಆ ಒಂದು ಮಾತು ತಪ್ಪಿಸಬಹುದು.

ಎಂಟನೆಯ ಹೆಜ್ಜೆ: ಮಾರುವವರಿಂದ ದೂರ

ವಿದ್ಯುತ್ ಕಂಬಗಳಿಗೆ ಅಂಟಿಸಿದ "ತೂಕ ಇಳಿಸಬೇಕೆ? ಕರೆ ಮಾಡಿ" ಎಂಬ ಚೀಟಿಗಳು ಈಗ ಫೋನಿನೊಳಗೆ ಬಂದಿವೆ. ಔಷಧದಿಂದ ಬೊಜ್ಜು ವಾಸಿಮಾಡುತ್ತೇವೆಂದು ಜಾಹೀರಾತು ನೀಡುವುದನ್ನು ನಮ್ಮ ದೇಶದ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತು ಕಾಯ್ದೆ 1954ರಲ್ಲಿಯೇ ನಿಷೇಧಿಸಿದೆ. ಆ ಕಾಯ್ದೆಯ ರೋಗಗಳ ಪಟ್ಟಿಯಲ್ಲಿ ಬೊಜ್ಜಿನ ಹೆಸರಿದೆ. ಆದ್ದರಿಂದಲೇ ಬಹಳಷ್ಟು ಪುಡಿಗಳು ಆಹಾರವೆಂಬ ಹೆಸರಿನಲ್ಲಿ ಬರುತ್ತವೆ. ಡಬ್ಬಿಯ ಮೇಲಿನ ಎಫ್‌ಎಸ್‌ಎಸ್‌ಎಐ ಸಂಖ್ಯೆ ಅದು ಆಹಾರ ವ್ಯಾಪಾರದ ಪರವಾನಗಿ ಎಂಬುದನ್ನಷ್ಟೇ ತಿಳಿಸುತ್ತದೆ, ತೂಕ ಇಳಿಸುತ್ತದೆಂದು ಅಲ್ಲ. ಹೃದಯಕ್ಕೆ ಅಪಾಯಕಾರಿಯೆಂದು 2010ರಲ್ಲಿ ಅಮೆರಿಕದ ಮಾರುಕಟ್ಟೆಯಿಂದ ಹಿಂತೆಗೆದ ಸಿಬುಟ್ರಮೈನ್ ಎಂಬ ಔಷಧ, ಸಸ್ಯಮೂಲದ್ದೆಂದು ಮಾರುವ ಪುಡಿ ಮಾತ್ರೆಗಳಲ್ಲಿ ಗುಟ್ಟಾಗಿ ಬೆರೆತಿರುವುದನ್ನು ಅಲ್ಲಿನ ಔಷಧ ನಿಯಂತ್ರಕರು ಮತ್ತೆ ಮತ್ತೆ ಪತ್ತೆಹಚ್ಚಿದ್ದಾರೆ. ಈಗ ಬಂದಿರುವ ತೂಕ ಇಳಿಸುವ ಚುಚ್ಚುಮದ್ದುಗಳು ವೈದ್ಯರ ಚೀಟಿಯ ಮೇಲೆ, ಅವರ ನಿಗಾದಲ್ಲಿ ತೆಗೆದುಕೊಳ್ಳಬೇಕಾದ ಔಷಧಗಳು. ಮದುವೆಗೆ ಮುಂಚೆ ಪರಿಚಯದವರ ಮೂಲಕ ತರಿಸಿಕೊಳ್ಳುವ ವಸ್ತುವಲ್ಲ.

ಯಾವಾಗ ನೆರವು ಪಡೆಯಬೇಕು

ಕೆಲವು ಲಕ್ಷಣಗಳು ಕಂಡಾಗ ಮನೆಯ ಮಾತು ಸಾಲುವುದಿಲ್ಲ. ಊಟವಾದ ಕೂಡಲೇ ದಿನವೂ ಬಚ್ಚಲುಮನೆಗೆ ಹೋಗಿ ಬಾಗಿಲು ಹಾಕಿಕೊಳ್ಳುವುದು, ಮುಟ್ಟು ನಿಲ್ಲುವುದು, ತಲೆಸುತ್ತಿ ಬೀಳುವುದು, ಎಲ್ಲರ ಜೊತೆ ಕೂತು ಉಣ್ಣಲು ಒಪ್ಪದಿರುವುದು, ಬಚ್ಚಿಟ್ಟುಕೊಂಡು ಒಮ್ಮೆಲೇ ಬಹಳ ತಿಂದು ಅಳುವುದು, ಭೇದಿಮಾತ್ರೆಗಳ ಖಾಲಿ ಪಟ್ಟಿಗಳು ಸಿಗುವುದು. ಇವು ಹಟವಲ್ಲ, ಆಹಾರ ಸೇವನೆಯ ಮಾನಸಿಕ ಕಾಯಿಲೆಯ ಗುರುತುಗಳಿರಬಹುದು. ಇವು ಸಣ್ಣಗಿರುವವರಿಗಷ್ಟೇ ಬರುವ ಕಾಯಿಲೆಗಳೂ ಅಲ್ಲ, ಹೆಣ್ಣುಮಕ್ಕಳಿಗಷ್ಟೇ ಬರುವವೂ ಅಲ್ಲ. ಅವುಗಳಲ್ಲೊಂದಾದ, ದಪ್ಪಗಾಗುವ ಭಯದಿಂದ ಊಟ ಬಿಡುವ ಅನೊರೆಕ್ಸಿಯಾ, ಮಾನಸಿಕ ಕಾಯಿಲೆಗಳ ಪೈಕಿ ಅತಿ ಹೆಚ್ಚು ಸಾವು ತರುವವುಗಳಲ್ಲಿ ಒಂದು. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲುರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿಯೂ, ಜಿಲ್ಲಾ ಆಸ್ಪತ್ರೆಗಳ ಮನೋವೈದ್ಯರ ಬಳಿಯೂ ತೋರಿಸಬಹುದು.

ನಿಮ್ಮ ಬಾಯಿಂದಲೇ ಮಾತು ಜಾರಿದಾಗ

ಜಾರುತ್ತದೆ. ಹೋದ ತಿಂಗಳು ಹಬ್ಬದ ಲಂಗ ಬಿಗಿಯಾಗಿ ಹುಕ್ಕು ಸೇರದೆ ಮಗಳು ಒದ್ದಾಡುತ್ತಿದ್ದಾಗ, ಹೊತ್ತಾಯಿತೆಂಬ ಆತುರದಲ್ಲಿ ನನ್ನ ಬಾಯಿಂದ, "ಎಷ್ಟು ಊದಿದ್ದೀಯ ನೋಡು" ಎಂದು ಬಂದೇಬಿಟ್ಟಿತು. ಇಂಥ ಹೊತ್ತಿನಲ್ಲಿ ಮಾಡಬೇಕಾದ್ದನ್ನು ಅದೇ ದಿನ ಮಾಡಬೇಕು. ಮರೆತುಹೋಗಿರುತ್ತದೆ ಎಂದು ಬಿಡಬಾರದು. ಬೇರೆಯವರು ಇಲ್ಲದಾಗ ಪಕ್ಕದಲ್ಲಿ ಕೂತು, ನೆಪ ಹೇಳದೆ, ಚಿಕ್ಕದಾಗಿ ಕ್ಷಮೆ ಕೇಳಿ. ನಾನು ಹೇಳಿದ್ದು ಇಷ್ಟು: "ಬೆಳಿಗ್ಗೆ ನಿನ್ನ ಮೈ ಬಗ್ಗೆ ನಾನು ಹಾಗೆ ಅಂದಿದ್ದು ತಪ್ಪು ಪುಟ್ಟಾ. ಲಂಗ ಚಿಕ್ಕದಾಗಿದೆ, ನೀನು ಬೆಳೀತಾ ಇದ್ದೀಯ, ಅಷ್ಟೇ." ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಲಂಗ ತಂದು ನನ್ನ ಮಡಿಲಿಗೆ ಹಾಕಿ, "ಒಳಗೆ ಬಟ್ಟೆ ಇದೆಯಾ ನೋಡಮ್ಮ" ಎಂದಳು. ಎರಡು ಬೆರಳಷ್ಟು ಇತ್ತು. ಅದೇ ರಾತ್ರಿ ಹೊಲಿಗೆ ಬಿಚ್ಚಿದೆವು.